ಚಳಿಗಾಲಕ್ಕೆ ತೆಗೆದಿಟ್ಟ ಕೋಟು

ಆ ಬೀದಿಯಲ್ಲಿ ಯಾರದೇ ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಜಾರತೊಡಗಿದರೂ, ಯಾರದೇ ಮದುವೆಯ ಉಡುಪು ಮಗುವಾದ ಮೇಲೆ ಮೈಗೆ ಏರದೆ ಹೋದರೂ, ಅವರು ಹತ್ತುತ್ತಿದ್ದದ್ದು ಬೇಕರಿಯ ಪಕ್ಕದ ಆ ಕಿರಿದಾದ ಮೆಟ್ಟಿಲನ್ನೇ. ಮೇಲೆ ಹೋದರೆ ಒಂದು ಕೋಣೆ. ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಕಪ್ಪು ಮೇಜು, ಮೂಲೆ ಒಡೆದ ನಿಲುಗನ್ನಡಿ. ಕೆಳಗಿನಿಂದ ಬಿಸಿ ಬ್ರೆಡ್ಡಿನ ವಾಸನೆ. ಅದರ ನಡುವೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಹೊಲಿಗೆಯಕ್ಕ ಕೂತಿರುತ್ತಿದ್ದಳು. ಅಕ್ಕ ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಹೊಸದನ್ನು ಹೊಲಿದುಕೊಡುವವರು ಊರ ತುಂಬ ಇದ್ದಾರೆ, ಹಳೆಯದನ್ನು ಮೈಗೆ ಒಪ್ಪಿಸುವವಳು ನಾನೊಬ್ಬಳೇ ಎಂದು ಅವಳಿಗೆ ಸಣ್ಣದೊಂದು ಜಂಬ.

ಅವಳಿಗೆ ಕೆಲಸ ಕಲಿಸಿದ ಹೆಂಗಸು ಕೈಗೆ ಟೇಪು ಕೊಡುವ ಮೊದಲೇ ಒಂದು ಮಾತು ಹೇಳಿಕೊಟ್ಟಿದ್ದಳು. ಬಂದವರ ಮೈಯ ಬಗ್ಗೆ ಬಾಯಿ ಬಿಡಬೇಡ. ದಪ್ಪ ಆಗಿದ್ದೀರಿ ಎನ್ನಬೇಡ, ಸೊರಗಿದ್ದೀರಿ ಎನ್ನಬೇಡ. ಅಳೆ, ಗುರುತು ಹಾಕು, ಹೊಲಿದು ಕೊಡು. ಹೊಲಿಗೆಯಕ್ಕ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಂತೆ ಇಟ್ಟುಕೊಂಡಿದ್ದಳು. ಹೆರಿಗೆಯಾದವರು, ಕಾಯಿಲೆಯಿಂದ ಎದ್ದವರು, ಮನೆಯಲ್ಲಿ ಸಾವಾಗಿ ಊಟ ಬಿಟ್ಟವರು, ಎಲ್ಲರೂ ಅವಳ ಕನ್ನಡಿಯ ಮುಂದೆ ನಿಂತು ಹೋಗಿದ್ದರು. ಯಾರ ಬಗ್ಗೆಯೂ ಅವಳ ತುಟಿಯಿಂದ ಒಂದಕ್ಷರ ಹೊರಬಿದ್ದಿರಲಿಲ್ಲ. ಅದಕ್ಕೇ ಜನ ಅವಳಲ್ಲಿಗೇ ಬರುತ್ತಿದ್ದರು.

ಅವಳ ಗಂಡ ಟೂರಿಸ್ಟ್ ಬಸ್ಸಿನ ಡ್ರೈವರು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಅವನ ಬದುಕಿನ ಅರ್ಧ ಭಾಗ ಒಂದೇ ರಸ್ತೆಯಲ್ಲಿ ಕಳೆದಿತ್ತು. ಊರಿನಿಂದ ಒಂದು ದೊಡ್ಡ ಆಟದ ಪಾರ್ಕಿಗೆ, ಅಲ್ಲಿಂದ ವಾಪಸು ಊರಿಗೆ. ಕೆರೆ, ಅರಮನೆ, ತಿರುಗುಚಕ್ರ, ಬೆಟ್ಟದೊಳಗೆ ನುಗ್ಗುವ ರೈಲು, ಉಳಿದುಕೊಳ್ಳಲು ಹೋಟೆಲುಗಳು, ಎಲ್ಲ ಇದ್ದ ದೊಡ್ಡ ರೆಸಾರ್ಟು ಅದು. ಶಾಲೆಯ ಮಕ್ಕಳು, ಆಫೀಸಿನವರು, ಹೊಸ ಜೋಡಿಗಳು, ಹೀಗೆ ಎಷ್ಟು ಜನರನ್ನು ಅದರ ಗೇಟಿನ ಮುಂದೆ ಇಳಿಸಿದ್ದನೋ ಅವನಿಗೇ ನೆನಪಿಲ್ಲ. ಆದರೆ ತಾನು ಒಂದು ದಿನವೂ ಒಳಗೆ ಕಾಲಿಟ್ಟವನಲ್ಲ. ಜನರ ಚೀಲಗಳೆಲ್ಲ ಬಸ್ಸಿನಲ್ಲೇ ಇರುತ್ತಿದ್ದವು, ಡ್ರೈವರು ಬಸ್ಸು ಬಿಟ್ಟು ಕದಲಬಾರದೆಂದು ಕಂಪನಿಯ ಕಟ್ಟಪ್ಪಣೆ. ಎತ್ತರದ ಗೋಡೆ, ಗೋಡೆಯಾಚೆ ಮರಗಳು. ಹೊರಗಿನಿಂದ ಕಾಣುತ್ತಿದ್ದದ್ದು ತಿರುಗುಚಕ್ರದ ತುದಿ ಒಂದೇ. ಉಳಿದದ್ದೆಲ್ಲ ಕಿವಿಗೆ ಬೀಳುವ ಕಿರುಚಾಟ, ನಗು, ವಾದ್ಯದ ಸದ್ದು.

ಒಳಗಿನ ಸಮಾಚಾರ ಅವನಿಗೆ ಸಿಗುತ್ತಿದ್ದದ್ದು ಮಕ್ಕಳಿಂದ. ವಾಪಸು ಬರುವ ದಾರಿಯಲ್ಲಿ ಹಿಂದಿನ ಸೀಟಿನವರು ನಿದ್ದೆ ಹೋದ ಮೇಲೂ ಮುಂದಿನ ಸೀಟಿನ ಮಕ್ಕಳು ವಟಗುಟ್ಟುತ್ತಲೇ ಇರುತ್ತಿದ್ದವು. ಇವನು ಸ್ಟೀರಿಂಗು ಹಿಡಿದುಕೊಂಡೇ, "ಆಮೇಲೆ?" ಅನ್ನುವವನು. ಅವು ಹೇಳುವವು. ಮತ್ತೆ "ಆಮೇಲೆ?" ಹೀಗೆ ಕೇಳಿ ಕೇಳಿ ಆ ಪಾರ್ಕು ಅವನ ತಲೆಯೊಳಗೆ ಮೂಲೆಮೂಲೆಯೂ ಕಟ್ಟಿಕೊಂಡಿತ್ತು.

ರಿಟೈರಾದ ದಿನ ಮನೆಗೆ ಬಂದು ಅವನು ಮೊದಲು ಹೇಳಿದ್ದೇ ಅದು. ಈ ಸಲ ಚಳಿಗಾಲದಲ್ಲಿ ಇಬ್ಬರೂ ಹೋಗುವುದು, ಗೇಟು ದಾಟಿ ಒಳಗೆ, ಅಲ್ಲಿನ ಹೋಟೆಲಿನಲ್ಲೇ ಮಲಗುವುದು. ಬೇಸಿಗೆಯ ನೂಕುನುಗ್ಗಲು ಬೇಡ. ಚಳಿಗಾಲದಲ್ಲಿ ಕತ್ತಲೆ ಬೇಗ ಬೀಳುತ್ತದೆ, ದೀಪಗಳನ್ನು ಬೇಗ ಹಚ್ಚುತ್ತಾರೆ. ಅದೂ ಅಲ್ಲದೆ, ಆ ಪಾರ್ಕಿನ ಹೊರಗೆ ಅವನು ಅತ್ಯಂತ ಒಂಟಿಯಾಗಿ ಕೂತಿದ್ದದ್ದು ಚಳಿಗಾಲದಲ್ಲೇ. ನಿಂತ ಬಸ್ಸಿನ ಎಂಜಿನ್ನು ಹಾಕುವಂತಿಲ್ಲ. ಕಂಪನಿ ಕೊಟ್ಟ ದಪ್ಪ ನೀಲಿ ಕೋಟಿನೊಳಗೆ ಮುದುಡಿಕೊಂಡು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಗೋಡೆಯಾಚೆಯ ಬ್ಯಾಂಡು ಕೇಳುತ್ತಿದ್ದವನು.

"ಇಬ್ರೂ ಒಟ್ಟಿಗೇ ಗೇಟು ದಾಟೋದು. ನೀನು ಮುಂದೆ ನಾನು ಹಿಂದೆ ಅಂತ ಇಲ್ಲ," ಎಂದ.

"ಸರಿ ಕಣ್ರೀ, ಕೈ ಹಿಡ್ಕೊಂಡೇ ಹೋಗೋಣ. ಕಳೆದುಹೋದ್ರೆ ಮೈಕಲ್ಲಿ ಕೂಗಿಸ್ತಾರೆ," ಎಂದಳು ಅವಳು.

ಅಂದಿನಿಂದ ಅವಳ ಮೇಜಿಗೆ ನೆಮ್ಮದಿ ಇಲ್ಲದಾಯಿತು. ಸಂಜೆ ಯಂತ್ರ ನಿಂತಿತೆಂದರೆ ಸಾಕು, ಅವನು ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ಹಿಡಿದು ಮೇಜಿನ ಮೇಲೆ ಪಾರ್ಕು ಬಿಡಿಸಲು ನಿಲ್ಲುತ್ತಿದ್ದ. ಇದು ಕೆರೆ, ಇದು ಸೇತುವೆ, ಇಲ್ಲಿ ರೈಲು ಬೆಟ್ಟದೊಳಗೆ ಹೋಗಿ ಅಲ್ಲಿ ಹೊರಬರುತ್ತದೆ. ನಿನಗೆ ಮಂಡಿನೋವು, ಮೊದಲು ದೋಣಿಗೆ ಹೋಗೋಣ, ಆಮೇಲೆ ಅರಮನೆ. ಅರಮನೆಗೆ ಬಂದಾಗ ಮಾತ್ರ ಅವನ ಕೈ ತಡೆಯುತ್ತಿತ್ತು. ಕೆಲವು ಮಕ್ಕಳು ಅದು ನೀಲಿ ಎಂದಿದ್ದವು, ಕೆಲವು ಗುಲಾಬಿ ಎಂದಿದ್ದವು. ಒಮ್ಮೆ ಇಬ್ಬರು ಹುಡುಗಿಯರು ಇದಕ್ಕಾಗಿ ಬಸ್ಸಿನಲ್ಲೇ ಜುಟ್ಟು ಹಿಡಿದುಕೊಂಡಿದ್ದರಂತೆ. ಕೊನೆಗೆ ಅವನು ಎರಡು ಅರಮನೆ ಬಿಡಿಸಿ, ಕೆರೆಯ ಆಚೆ ಒಂದು ಈಚೆ ಒಂದು ಇಟ್ಟ.

"ಅಷ್ಟು ದೊಡ್ಡ ಊರಿಗೆ ಎರಡು ಅರಮನೆ ಇದ್ರೇನು ತಪ್ಪು? ರಾಜನಿಗೂ ರಾಣಿಗೂ ಜಗಳ ಆಗಿರಬಹುದು," ಎಂದು ಹೊಲಿಗೆಯಕ್ಕ ನಕ್ಕಳು. ಬೆಳಗಾದರೆ ಕೆರೆ, ಅರಮನೆ, ರೈಲು ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಅವಳು ಕೆಲಸಕ್ಕೆ ಕೂರುವಳು. ಸಂಜೆ ಅವನು ಮತ್ತೆ ಬಿಡಿಸುವನು.

ಇನ್ನು ಅವನ ಪ್ಯಾಂಟಿನ ವಿಷಯ ಹೇಳಬೇಕು. ಅವನು ಬೆಲ್ಟು ಕಟ್ಟುತ್ತಿರಲಿಲ್ಲ. ದಿನವಿಡೀ ಕೂತು ಗಾಡಿ ಓಡಿಸುವವನಿಗೆ ಬಕಲು ಹೊಟ್ಟೆಗೆ ಒತ್ತುತ್ತದೆಂದು, ಮದುವೆಯಾದ ಹೊಸದರಲ್ಲೇ ಅವಳು ಅವನ ಪ್ಯಾಂಟುಗಳನ್ನೆಲ್ಲ ಸೊಂಟಕ್ಕೆ ಸರಿಯಾಗಿ ಕೂರುವಂತೆ ಮಾಡಿಕೊಟ್ಟಿದ್ದಳು. ಒಗೆದು ಇಸ್ತ್ರಿ ಮಾಡುವಾಗ ಒಮ್ಮೆ ನೋಡಿ, ಬಿಗಿಯಾಗಿದ್ದರೆ ಬಿಚ್ಚಿ, ಸಡಿಲವಾಗಿದ್ದರೆ ಹಿಡಿದು ಇಡುವುದು ಅವಳ ಕೈಗೆ ಬಿದ್ದ ಅಭ್ಯಾಸ. ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಸೊಂಟ ಸಡಿಲವಾಗಿತ್ತು. ಅವಳು ಹಿಂದಿನ ಹೊಲಿಗೆ ಬಿಚ್ಚಿ ಒಂದಿಷ್ಟು ಒಳಗೆ ಹಿಡಿದಳು. ಸ್ವಲ್ಪ ದಿನಕ್ಕೆ ಮತ್ತೆ ಸಡಿಲ. ಮತ್ತೆ ಹಿಡಿದಳು. ಕೆಲಸ ಬಿಟ್ಟ ಗಂಡಸರು ಸೊರಗುತ್ತಾರೆಂದು ಅವಳಿಗೆ ಗೊತ್ತಿತ್ತು, ಅಂಥ ಎಷ್ಟೋ ಜನ ಅವಳ ಕನ್ನಡಿಯ ಮುಂದೆ ನಿಂತಿದ್ದರು. ಹೇಳಿದರೆ ಬೇಜಾರು ಮಾಡಿಕೊಂಡಾನು. ಇಷ್ಟು ಹುರುಪಿನಲ್ಲಿದ್ದಾನೆ, ಯಾಕೆ ಸುಮ್ಮನೆ? ಊರಿನವರೆಲ್ಲರಿಗೆ ಇಟ್ಟ ಮೌನವನ್ನೇ ಅವಳು ಗಂಡನಿಗೂ ಇಟ್ಟಳು. ಅಂಗಿಯ ಪಕ್ಕಗಳನ್ನೂ ಹಿಡಿದಳು. ಎಷ್ಟು ನಾಜೂಕಾಗಿ ಹಿಡಿದಳೆಂದರೆ ಹಾಕಿಕೊಂಡವನಿಗೆ ತಿಳಿಯಲಿಲ್ಲ.

ಒಂದು ದಿನ ಬ್ರೆಡ್ಡು ಕೊಡಲು ಮೇಲೆ ಬಂದ ಬೇಕರಿಯವನು, ಏನಣ್ಣ, ಯಾಕೋ ಇಳಿದುಬಿಟ್ಟಿದ್ದೀರಲ್ಲ ಎಂದ. ಡ್ರೈವರು ಎದ್ದು ನಿಂತು, ಸೊಂಟದ ಪಟ್ಟಿಯೊಳಗೆ ಒಂದು ಬೆರಳು ತೂರಿಸಲು ಹೋಗಿ ತೋರಿಸಿದ.

"ನೋಡಪ್ಪಾ, ಬೆರಳು ಹೋಗುತ್ತಾ? ಮದುವೆಯಲ್ಲಿ ಹೇಗಿದ್ನೋ ಹಾಗೇ ಇದೀನಿ. ನಿನ್ನ ಬ್ರೆಡ್ಡೇ ಚಿಕ್ಕದಾಗಿರೋದು."

ಹೊಲಿಗೆಯಕ್ಕನ ಬಾಯಲ್ಲಿ ಗುಂಡುಪಿನ್ನಿತ್ತು. ಅವಳು ತಲೆ ತಗ್ಗಿಸಿ ಯಂತ್ರ ತುಳಿದಳು.

ಚಳಿ ಶುರುವಾಗುವ ಮುಂಚೆ ಹೋಟೆಲಿನ ಕೋಣೆ ಗೊತ್ತು ಮಾಡಲು ಮಗಳು ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ, ಬೇರೆ ಊರಲ್ಲಿ ಮನೆ, ಬಂದು ಬಹಳ ದಿನವಾಗಿತ್ತು. ಜೊತೆಗೆ ಅವಳ ಪುಟ್ಟ ಮಗಳೂ ಇದ್ದಳು, ತಾನೂ ಬರುತ್ತೇನೆಂದು ಹಠ. ಮೇಜಿನ ಮೇಲೆ ಪಾರ್ಕು ಅರಳಿಕೊಂಡಿತ್ತು. ಕೋಣೆ ಕೆರೆಯ ಕಡೆಗಿರಲಿ ಎಂದು ಡ್ರೈವರು ಮಗಳಿಗೆ ಅಪ್ಪಣೆ ಕೊಡುತ್ತಿದ್ದವನು, ಇದ್ದಕ್ಕಿದ್ದಂತೆ ನೆನಪಾಗಿ, ಪೆಟ್ಟಿಗೆಯ ತಳದಿಂದ ಆ ನೀಲಿ ಕೋಟು ತೆಗೆದ. ಆ ಕೋಟಿಗೆ ವರ್ಷದಿಂದ ಹೊಲಿಗೆಯಕ್ಕನ ಕೈ ಸೋಕಿರಲಿಲ್ಲ. ನುಸಿಗುಳಿಗೆಯ ವಾಸನೆ ಕೋಣೆ ತುಂಬಿತು. ಅವನು ತೊಟ್ಟುಕೊಂಡು, ಕಾಲರು ಏರಿಸಿ, ಕನ್ನಡಿಯ ಮುಂದೆ ಹೋಗಿ ನಿಂತ.

ಕೋಟು ಅವನ ಮೈಮೇಲೆ ಇರಲಿಲ್ಲ. ಮೊಳೆಗೆ ನೇತು ಹಾಕಿದಂತೆ ಹೆಗಲಿನಿಂದ ಜೋತುಬಿದ್ದಿತ್ತು. ಗುಂಡಿ ಹಾಕಿದರೂ ಒಳಗೆ ಮತ್ತೊಬ್ಬ ಮನುಷ್ಯ ನಿಲ್ಲುವಷ್ಟು ಜಾಗ.

"ಅಯ್ಯೋ, ಇದ್ಯಾರದೋ ಕೋಟು ಬದಲಾಗಿದೆ ಕಣೇ," ಎಂದು ಅವನು ನಕ್ಕ.

ಮೊಮ್ಮಗಳೂ ನಕ್ಕಳು. ಮಗಳು ನಗಲಿಲ್ಲ. ಕೋಟಿನ ಕಾಲರನ್ನು ಮಡಚಿ ನೋಡಿದಳು. ಒಳಗೆ ಅವಳಪ್ಪನ ಬಸ್ಸಿನ ನಂಬರು ದಾರದಲ್ಲಿ ಹಾಗೇ ಇತ್ತು. ಅವಳು ತಾಯಿಯ ಕಡೆ ತಿರುಗಿದಳು. ಹೊಲಿಗೆಯಕ್ಕ ಬಾಯಲ್ಲಿದ್ದ ಗುಂಡುಪಿನ್ನನ್ನು ತೆಗೆದು ಮೇಜಿನ ಮೇಲಿಟ್ಟಳು.

ಆಸ್ಪತ್ರೆಯಲ್ಲಿ ಆ ಪರೀಕ್ಷೆ ಈ ಪರೀಕ್ಷೆ ಎಲ್ಲ ಆಗಿ, ಹೊಟ್ಟೆಯಲ್ಲಿ ಗಡ್ಡೆ ಎಂದರು, ಬೇರೆ ಕಡೆಗೂ ಹರಡಿದೆ ಎಂದರು. ಡಾಕ್ಟರು ಮೆದು ಮಾತಿನ ಹೆಂಗಸು. ಬೈಯುವ ದನಿಯೇ ಅಲ್ಲ, ಸುಮ್ಮನೆ ಕೇಳಿದಳು.

"ಇಷ್ಟೊಂದು ತೂಕ ಇಳಿದಿದೆ. ಬಟ್ಟೆ ಸಡಿಲ ಆಗಿದ್ದು ಗೊತ್ತಾಗಲಿಲ್ವಾ ನಿಮ್ಗೆ? ಬೇಸಿಗೆಯಲ್ಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು."

"ಇಲ್ಲ ಡಾಕ್ಟ್ರೇ, ನನ್ನ ಬಟ್ಟೆ ಎಲ್ಲಾ ಸರಿಯಾಗೇ ಇದ್ವು," ಎಂದ ಡ್ರೈವರು. ಆಮೇಲೆ ಹೆಮ್ಮೆಯಿಂದ ಹೆಂಡತಿಯ ಕಡೆ ಕೈ ತೋರಿಸಿದ. "ಬೇಕಾದ್ರೆ ಇವಳನ್ನೇ ಕೇಳಿ. ಇವಳು ಟೇಲರು."

ಹೊಲಿಗೆಯಕ್ಕ ಎದ್ದು ಹೊರಗೆ ಹೋದಳು. ಕಾರಿಡಾರಿನ ಬೆಂಚಿನ ಮೇಲೆ ಕೂತು ತನ್ನ ಬೆರಳುಗಳನ್ನು ನೋಡಿಕೊಂಡಳು. ಸೂಜಿ ಚುಚ್ಚಿ ಚುಚ್ಚಿ ತುದಿ ಗಟ್ಟಿಯಾದ ಬೆರಳುಗಳು. ಅವನ ಮೈ ಕರಗುತ್ತಿರುವುದು ಈ ಬೆರಳುಗಳಿಗೆ ಎಲ್ಲರಿಗಿಂತ ಮುಂಚೆ ಗೊತ್ತಿತ್ತು. ಗೊತ್ತಾದದ್ದನ್ನೆಲ್ಲ ಅವು ಹೊಲಿಗೆಯೊಳಗೆ ಮಡಚಿ ಹಾಕಿದ್ದವು.

ಹೇಳದೆ ಇದ್ದರೆ ನಡೆಯುತ್ತಿತ್ತು. ಮಗಳೂ ಸುಮ್ಮನಿರಮ್ಮ ಎಂದಳು. ಆದರೆ ನೋಡಲು ಬಂದವರೆಲ್ಲರ ಮುಂದೆ ಅವನು ಬಟ್ಟೆ ಸರಿಯಾಗೇ ಇತ್ತಲ್ಲ ಎಂದು ಅಚ್ಚರಿಪಡುವುದನ್ನು ಕೇಳಲು ಅವಳಿಂದ ಆಗಲಿಲ್ಲ. ಒಂದು ಮಧ್ಯಾಹ್ನ ಮಂಚದ ಪಕ್ಕ ಕೂತು, ಹೊದಿಕೆಯ ಅಂಚು ಹಿಡಿದುಕೊಂಡು ಹೇಳಿದಳು.

"ಪ್ಯಾಂಟು ನಾನೇ ಹಿಡೀತಿದ್ದೆ. ಒಗೆದಾಗೆಲ್ಲ. ಅಂಗೀನೂ."

ಅವನು ಸೂರು ನೋಡುತ್ತ ಮಲಗಿದ್ದ. "ಯಾವಾಗಿಂದ?"

"ಬೇಸಿಗೆಯಿಂದ."

"ಒಂದು ಮಾತು ಹೇಳಬಾರದಿತ್ತೇನೇ?"

ನಿಮಗೆ ಬೇಜಾರಾದೀತು ಅಂತ, ಎಂದಷ್ಟೇ ಬಾಯಿಗೆ ಬಂತು. ಅವನು ಮಗ್ಗುಲಾಗಿ ಗೋಡೆಯ ಕಡೆ ತಿರುಗಿದ. ಆ ಸಂಜೆಯೆಲ್ಲ ಮಾತಾಡಲಿಲ್ಲ. ಮರುದಿನ ಅವಳು ಗಂಜಿ ತಿನ್ನಿಸುವಾಗ ಬಾಯಿ ತೆರೆದ, ನುಂಗಿದ, ಅಷ್ಟೇ. ಮಾತು ಬಂದದ್ದು ಅದರ ಮಾರನೆಯ ದಿನ. ಅದೂ ಪಾರ್ಕಿನ ಮಾತು.

"ಗೇಟಿನ ಬಲಗಡೆ ಗೋಡೆ ತಿರುಗುತ್ತಲ್ಲ, ಅಲ್ಲೊಂದು ಮರ ಇದೆ. ಬಸ್ಸು ಅದರ ಪಕ್ಕ ನಿಲ್ಸೋಕೆ ಹೇಳು. ಚಳಿಗಾಲದಲ್ಲಿ ಬಿಸಿಲು ಬೀಳೋದು ಅಲ್ಲೊಂದೇ ಕಡೆ." ಉಸಿರು ತೆಗೆದುಕೊಂಡು ಮತ್ತೆ ಹೇಳಿದ. "ಕೋಟು ಮಾತ್ರ ಮುಟ್ಟಬೇಡ. ಹೇಗಿದೆಯೋ ಹಾಗೇ ಇರ್ಲಿ."

ಅದು ಸಿಟ್ಟೋ, ಕ್ಷಮೆಯೋ, ಬರೀ ದಾರಿ ಹೇಳಿದ್ದೋ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಕೇಳೋಣವೆಂದು ಧೈರ್ಯ ಕೂಡಿಸಿಕೊಳ್ಳುವ ಹೊತ್ತಿಗೆ ಅವನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಮೊದಲ ಚಳಿಗಾಳಿ ಕಿಟಕಿ ಬಡಿಯುವ ಮುಂಚೆಯೇ ಡ್ರೈವರು ಹೊರಟುಹೋದ.

ಹೋಟೆಲಿನ ಕೋಣೆ ಬೇಡವೆಂದು ಮಗಳು ಬಿಟ್ಟುಕೊಡಲು ಹೊರಟಾಗ ಹೊಲಿಗೆಯಕ್ಕನೇ ತಡೆದಳು. ಮಗುವಿಗೆ ಮಾತು ಕೊಟ್ಟಾಗಿದೆ, ಹೋಗೋಣ ಎಂದಳು. ಗಂಡನ ಹಳೆಯ ಕಂಪನಿಯ ಬಸ್ಸಿನಲ್ಲೇ ಹೋದರು. ಅವಳು ಆ ನೀಲಿ ಕೋಟು ತೊಟ್ಟಿದ್ದಳು. ತೋಳು ಅಂಗೈ ದಾಟಿ ಇಳಿದಿತ್ತು. ಬೇರೆ ಯಾರಾದರೂ ಹಾಗೆ ತೊಟ್ಟಿದ್ದರೆ ಅವಳ ಕೈ ಪಿನ್ನಿಗೆ ಹೋಗುತ್ತಿತ್ತು. ಮಡಚಲೂ ಇಲ್ಲ. ಈಗಿನ ಡ್ರೈವರಿಗೆ ಅವಳು ಹೇಳಬೇಕಾಗಲಿಲ್ಲ. ಬಸ್ಸು ತಾನಾಗಿ ಬಲಕ್ಕೆ ತಿರುಗಿ ಮರದ ಪಕ್ಕ ನಿಂತಿತು. ಇದು ನಿಮ್ಮೆಜಮಾನರ ಜಾಗ ಅಮ್ಮಾ, ನಮಗೆಲ್ಲ ತೋರಿಸಿಕೊಟ್ಟಿದ್ದೇ ಅವರು, ಎಂದ.

ಗೇಟಿನ ಮುಂದೆ ಮಗಳು ಕೈ ಹಿಡಿದೆಳೆದಳು. ಬಾಮ್ಮ, ಅಪ್ಪನ ಆಸೆ ಅಲ್ವಾ ಎಂದಳು. ಹೊಲಿಗೆಯಕ್ಕ ಕೈ ಬಿಡಿಸಿಕೊಂಡಳು.

"ಇಬ್ರೂ ಒಟ್ಟಿಗೇ ದಾಟೋದು ಅಂತ ಮಾತಾಗಿತ್ತು. ನೀವು ಹೋಗ್ಬನ್ನಿ. ನಾನಿಲ್ಲೇ ಇರ್ತೀನಿ. ಕೋಣೆ ನಿಮ್ಗಿರ್ಲಿ, ರಾತ್ರಿ ನಾನು ಇದೇ ಬಸ್ಸಲ್ಲಿ ಊರಿಗೆ ಹೋಗ್ತೀನಿ."

ಬಿಸಿಲು ನಿಜಕ್ಕೂ ಅಲ್ಲೊಂದೇ ಕಡೆ ಬೀಳುತ್ತಿತ್ತು. ಅವಳು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಅದು ಮಂಡಿಯಿಂದ ಪಾದಕ್ಕೆ, ಪಾದದಿಂದ ಬಾಗಿಲಿಗೆ ಸರಿಯುವುದನ್ನು ನೋಡಿದಳು. ಗೋಡೆಯಾಚೆ ಜನ ಕಿರುಚಿದರು, ನಕ್ಕರು. ತಿರುಗುಚಕ್ರದ ತುದಿಗೆ ಬಂದವರು ಒಂದು ಕ್ಷಣ ಕಂಡು ಇಳಿದುಹೋದರು. ಬಿಸಿಲು ಹೋದ ಮೇಲೆ ಚಳಿ ಬಂತು. ಬ್ಯಾಂಡು ಶುರುವಾಯಿತು. ಅವಳು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಇಷ್ಟು ವರ್ಷ ಅವನ ಮೈಯ ಅಳತೆಯೆಲ್ಲ ತನಗೆ ಗೊತ್ತೆಂದುಕೊಂಡಿದ್ದವಳಿಗೆ, ಈ ಚಳಿ ಮಾತ್ರ ಗೊತ್ತಿರಲಿಲ್ಲ.

ಕತ್ತಲಾಗುತ್ತಲೇ ಮೊಮ್ಮಗಳು ಓಡಿಬಂದು ಬಸ್ಸಿನ ಮೆಟ್ಟಿಲು ಹತ್ತಿದಳು. ಕೆನ್ನೆ ತಣ್ಣಗೆ, ಬಾಯಿ ತುಂಬ ಮಾತು. ದೋಣಿ ಆಯಿತು, ರೈಲು ಆಯಿತು.

"ಅಜ್ಜೀ, ಅರಮನೆ ಮೊದ್ಲು ನೀಲಿ ಇತ್ತು. ನೋಡ್ತಾ ನೋಡ್ತಾ ಗುಲಾಬಿ ಆಗೋಯ್ತು. ಮತ್ತೆ ನೀಲಿ. ದೀಪದಿಂದ ಹಾಗ್ ಮಾಡ್ತಾರಂತೆ."

"ಒಂದೇ ಅರಮನೇನಾ?"

"ಒಂದೇ ಅಜ್ಜಿ. ಎರಡೆಲ್ಲಿಂದ ಬರುತ್ತೆ?"

ಹೊಲಿಗೆಯಕ್ಕ ಪಕ್ಕಕ್ಕೆ ತಿರುಗಿದಳು. ರೀ, ಕೇಳಿದ್ರಾ, ಎಂಬುದು ನಾಲಿಗೆಯ ತುದಿಯವರೆಗೆ ಬಂದಿತ್ತು. ಪಕ್ಕದಲ್ಲಿ ಖಾಲಿ ಸೀಟು, ಅದರಾಚೆ ಮಂಜು ಕೂತ ಗಾಜು. ಅವಳು ಕೋಟಿನ ಉದ್ದ ತೋಳನ್ನು ಬಾಯಿಗೆ ಒತ್ತಿಕೊಂಡಳು, ನುಸಿಗುಳಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮಗು ಮಾತು ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿತ್ತು.

ಅವಳು ತೋಳು ಕೆಳಗಿಳಿಸಿ ಕೇಳಿದಳು.

"ಆಮೇಲೆ?"