ಬಲೆ ಬೀಸುವ ಹೊತ್ತಿಗೆ ನಿಂತ ದೋಣಿಮನೆ

ಆ ಬೆಳಿಗ್ಗೆ ಎಂದಿನಂತೆಯೇ ಶುರುವಾಯಿತು. ಡಿಕಾಕ್ಷನ್ ಇಳಿಯಲು ಬಿಟ್ಟು, ಹಾಲು ಒಲೆಗಿಟ್ಟು, ಯಜಮಾನರ ಡಬ್ಬಿಗೆ ಚಪಾತಿ ಲಟ್ಟಿಸುತ್ತ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟುಕೊಂಡೆ. ಹಿಟ್ಟು ಮೆತ್ತದ ಕಿರುಬೆರಳಿನಿಂದ ಮೆಸೇಜುಗಳನ್ನು ಸರಿಸಿ ಓದುವುದು ನನ್ನ ಅಭ್ಯಾಸ. ಊಟಿಯಲ್ಲಿದ್ದ ನಿವೃತ್ತ ದಂಪತಿ, ಅಂತೂ ರೂಮಿನಲ್ಲಿ ಬಿಸಿನೀರು ಬಂತೆಂದು ಬರೆದಿದ್ದರು. ಮುನ್ನಾರಿನ ಬೆಟ್ಟ ಇಳಿಯುತ್ತಿದ್ದ ದೀಪಾಳ ನಂಬರಿನಿಂದ ‘ಸೂಪರ್ ಟ್ರಿಪ್ ಆಂಟಿ, ಇವತ್ತು ಬೋಟ್’ ಎಂದು ಬಂದಿತ್ತು, ಕೊನೆಗೊಂದು ನಗುಮುಖ. ಹೊರಟಂದಿನಿಂದ ಪ್ರತಿ ಬೆಳಿಗ್ಗೆ ಅಂಥದ್ದೊಂದು ಬರುತ್ತಿತ್ತು. ನನಗೆ ಹಿತವೆನಿಸುತ್ತಿತ್ತು.

ಇದು ಎರಡು ವರ್ಷದ ಹಿಂದಿನ ನವೆಂಬರಿನ ಮಾತು. ಮಕ್ಕಳು ಕಾಲೇಜು ಸೇರಿದ ಮೇಲೆ, ಹಲಸೂರಿನ ನಮ್ಮ ಮನೆಯ ಊಟದ ಮೇಜಿನಿಂದಲೇ ನಾನು ಜನರಿಗೆ ಪ್ರವಾಸ ಏರ್ಪಡಿಸಿಕೊಡುತ್ತಿದ್ದೆ. ಬೋರ್ಡು ಇಲ್ಲ, ಆಫೀಸು ಇಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದವರೇ ಎಲ್ಲ. ಧಾವಂತದ ಟೂರು ನನ್ನದಲ್ಲ. ಬೆಟ್ಟದಲ್ಲಿ ಮೂರ್ನಾಲ್ಕು ದಿನ ಸುಮ್ಮನೆ ಕೂತು, ಆಮೇಲೆ ಕೆಳಗಿಳಿದು ಹಿನ್ನೀರಿನ ದೋಣಿಮನೆಯಲ್ಲಿ ಒಂದು ರಾತ್ರಿ ಕಳೆದು ಬರುವಂಥದ್ದು. ನಮ್ಮ ಕಸುಬಿನ ಭಾಷೆಯಲ್ಲಿ ಇದಕ್ಕೆ ‘ಲೀಷರ್ ಪ್ಯಾಕೇಜ್’ ಎನ್ನುತ್ತಾರೆ.

ದೋಣಿಮನೆಯ ಒಂದು ಪದ್ಧತಿಯನ್ನು ನಾನು ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ. ಮಧ್ಯಾಹ್ನ ಹತ್ತಿಸಿಕೊಂಡು ಕಾಯಲಿನ, ಅಂದರೆ ಹಿನ್ನೀರಿನ, ಮೇಲೆ ಸುತ್ತಿಸುತ್ತಾರೆ. ಸಂಜೆ ಐದೂವರೆ ಆಗುತ್ತಿದ್ದಂತೆ ಎಲ್ಲಾದರೂ ದಡಕ್ಕೆ ಕಟ್ಟಿಬಿಡುತ್ತಾರೆ. ಕತ್ತಲಾದ ಮೇಲೆ ನೀರು ಮೀನುಗಾರರದು. ಅವರು ಬಲೆ ಬೀಸುತ್ತಾರೆ, ದೊಡ್ಡ ದೋಣಿ ಓಡಾಡುವಂತಿಲ್ಲ. ಕಟ್ಟುವ ದಡ ಹೆಚ್ಚಾಗಿ ಗದ್ದೆಯ ಬದು. ಒಂದು ಕಡೆ ನೀರು, ಇನ್ನೊಂದು ಕಡೆ ಕೆಸರು. ಬೆಳಗಾಗುವವರೆಗೆ ಇಳಿದು ಹೋಗುವ ದಾರಿಯಿರುವುದಿಲ್ಲ.

ಆ ಪ್ರವಾಸ ಕೇಳಿಕೊಂಡು ಬಂದವರು ದೊಮ್ಮಲೂರಿನ ಸರೋಜಮ್ಮ, ದೀಪಾಳ ಅತ್ತೆ. ಮಗ ಪ್ರವೀಣನಿಗೆ ಮದುವೆಯಾಗಿ ಒಂದೂವರೆ ವರ್ಷ. ಸೊಸೆ ಕೆ.ಆರ್. ಪುರದ ತವರಿಗೆ ಹೋಗಿ ಕೂತು, ಹಿರಿಯರೆಲ್ಲ ಸೇರಿ ಮಾತಾಡಿ ಮತ್ತೆ ಕರೆತಂದಿದ್ದರು. ಸರೋಜಮ್ಮ ಕಾಫಿ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು ಹೇಳಿದರು: “ಇಬ್ರನ್ನೂ ಒಂದ್ವಾರ ಎಲ್ಲಾದ್ರೂ ಕಳ್ಸಿಬಿಡಿ ಮೇಡಂ. ಮುಖ ತಿರುಗಿಸ್ಕೊಂಡು ಹೋಗೋಕೂ ಜಾಗ ಇರ್ಬಾರ್ದು, ಹಂಗಿರ್ಬೇಕು.”

ನಾನು ಒಂದೇ ಕೋಣೆಯ ದೋಣಿ ಹುಡುಕಿದೆ. ಬೇರೆ ಪ್ರವಾಸಿಗರ ಗಲಾಟೆ ಬೇಡವೆಂದು ದೂರದ ಕಾಲುವೆ ಆರಿಸಿದೆ.

ಮಧ್ಯಾಹ್ನ ಮೂರರ ಸುಮಾರಿಗೆ, ಟೆರೇಸಿನಿಂದ ತಂದ ಬಟ್ಟೆ ಮಡಚುತ್ತಿದ್ದಾಗ ಗೊತ್ತಿಲ್ಲದ ಕೇರಳದ ನಂಬರಿನಿಂದ ಫೋನು ಬಂತು. ಎಂಜಿನ್ನಿನ ಸದ್ದಿನ ನಡುವೆ ಸಣ್ಣ ದನಿ.

“ಆಂಟಿ, ನಾನು ದೀಪಾ. ಇದು ಅಡುಗೆಯವರ ಫೋನು.”

“ಏನಮ್ಮಾ? ಊಟ ಸರಿಯಾಗಿಲ್ವಾ?” ನಮ್ಮ ಕೆಲಸದಲ್ಲಿ ಮೊದಲು ಬಾಯಿಗೆ ಬರುವ ಪ್ರಶ್ನೆ ಅದೇ.

“ಊಟ ಚೆನ್ನಾಗಿದೆ. ಈ ಬೋಟು ಎಲ್ಲಾದ್ರೂ ನಿಲ್ಲತ್ತಾ ಆಂಟಿ? ನಾನೊಬ್ಳೇ ಇಳ್ಕೊಳ್ಳೋ ಹಾಗೆ?”

“ನಿನ್ ಫೋನೇನಾಯ್ತು?”

“ಬೆಂಗ್ಳೂರು ಬಿಟ್ಟಾಗಿಂದ ಅವ್ರ ಹತ್ರಾನೇ ಇದೆ.”

“ಮತ್ತೆ ಬೆಳಿಗ್ಗೆ ಮೆಸೇಜು…”

“ನಾನು ಮಾಡಿಲ್ಲ ಆಂಟಿ.”

ಕೈಯಲ್ಲಿದ್ದ ದಿಂಬಿನ ಕವರನ್ನು ನಾನು ಮಡಚುತ್ತಲೇ ಇದ್ದೆ, ಅದು ಅಂಗೈಯಷ್ಟಾಗುವ ತನಕ.

ಪ್ರವೀಣ ಊಟ ಮಾಡಿ ಮೇಲಿನ ಡೆಕ್ಕಿನಲ್ಲಿ ಮಲಗಿದ್ದ. ಅವಳು ಅಡುಗೆಮನೆಯ ಮೂಲೆಯಲ್ಲಿ ನಿಂತು, ಬೇಗ ಬೇಗ ಹೇಳಿದಳು. ಮುನ್ನಾರಿನ ವ್ಯೂ ಪಾಯಿಂಟಿನಲ್ಲಿ ಗಂಡ ಅವಳನ್ನು ಕಂಬಿಯಾಚೆ, ಕಣಿವೆಯ ಅಂಚಿಗೆ ನಿಲ್ಲಿಸಿದ್ದನಂತೆ. “ಫೋಟೋ ಚೆನ್ನಾಗಿ ಬರತ್ತೆ ಅಂದ್ರು. ನಿಂತ್ಮೇಲೆ, ‘ಈಗ ಹೇಳು, ನಿಮ್ಮಮ್ಮನ ಮನೇಲಿ ನನ್ ಬಗ್ಗೆ ಏನೇನ್ ಹೇಳ್ದೆ’ ಅಂದ್ರು. ನಗ್ತಾನೇ ಕೇಳಿದ್ರು. ಜನ ಬಂದ್ರು ಅಂತ ಬಿಟ್ರು. ಉಳಿದಿದ್ದು ಬೋಟಲ್ಲಿ ಮಾತಾಡೋಣ, ನಿಂತ್ಮೇಲೆ, ರಾತ್ರಿ, ಅಂದಿದಾರೆ.”

“ಹುಷಾರಿಲ್ಲ ಅಂತ ಹೇಳಮ್ಮಾ. ಆಸ್ಪತ್ರೆಗೆ ಕರ್ಕೊಂಡ್ ಹೋಗೋಕೆ ಏರ್ಪಾಡು ಮಾಡ್ತೀನಿ.”

“ಅವ್ರೂ ಬರ್ತಾರಲ್ಲ. ಗಂಡ ಅಲ್ವಾ?”

“ಪೊಲೀಸ್‌ಗೆ ಹೇಳ್ಲಾ?”

“ಏನಂತ ಹೇಳ್ತೀರಾ? ಒಂದೇಟೂ ಹೊಡೆದಿಲ್ಲ. ಈಗ ತಾನೇ ಮೀನಿನ ಮುಳ್ಳು ಬಿಡಿಸಿ ತಟ್ಟೆಗೆ ಹಾಕಿದ್ರು, ಎಲ್ಲರೆದುರಿಗೆ.” ಮೇಲೆ ಕುರ್ಚಿ ಎಳೆದ ಸದ್ದಾಯಿತು. ಫೋನು ಕಟ್ಟಾಯಿತು.

ಮಹಿಳಾ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಮರ್ಯಾದೆಯಿಂದಲೇ ಕೇಳಿದಳು: ಗಾಯವಾಗಿದೆಯೇ, ಎಲ್ಲಿದ್ದಾರೆ, ಅವರೇ ಮಾತನಾಡಬಲ್ಲರೇ. ಗಾಯವಿಲ್ಲ, ನೀರಿನ ಮೇಲಿದ್ದಾರೆ, ಮಾತನಾಡಲಾರರು ಎಂದೆ. ಆ ರಾಜ್ಯದವರಿಗೆ ತಿಳಿಸುತ್ತೇವೆ ಎಂದಳು. ದೀಪಾಳ ತಾಯಿಗೆ ಮಾಡಿದೆ. ಅವರು ಪೂರ್ತಿ ಕೇಳುವ ಮೊದಲೇ ಗಾಬರಿಯಾದರು: “ಅಯ್ಯೋ, ಹಂಗೆಲ್ಲ ಇಳ್ಸಿಬಿಡ್ಬೇಡಿ ಮೇಡಂ. ರಾಜಿ ಆಗ್ಲಿ ಅಂತಾನೇ ಕಳ್ಸಿರೋದು. ಈಗ ಎದ್ದು ಬಂದ್ರೆ ತಪ್ಪೆಲ್ಲ ಇವ್ಳ ತಲೆಗೇ ಕಟ್ತಾರೆ. ಒಂದು ರಾತ್ರಿ ತಾನೇ?”

ಸರೋಜಮ್ಮನಿಗೆ ಮಾಡಲಿಲ್ಲ. ಮಾಡಿದ್ದರೆ ಮರುಗಳಿಗೆಯೇ ಮಗನ ಫೋನು ಹೊಡೆದುಕೊಳ್ಳುತ್ತಿತ್ತು.

ಉಳಿದವನು ದೋಣಿ ನಡೆಸುವ ಶಾಜಿ. ಅವನದು ಮಲಯಾಳಂ, ನನ್ನದು ಹಲಸೂರಿನ ಬೀದಿಯಲ್ಲಿ ಕಲಿತ ತಮಿಳು. ಹೇಗೋ ಒಬ್ಬರಿಗೊಬ್ಬರು ಅರ್ಥವಾಗುತ್ತಿದ್ದೆವು. ವಿಷಯ ಹೇಳಿ, ದೋಣಿ ತಿರುಗಿಸಿ ಅವರನ್ನು ಹತ್ತಿಸಿಕೊಂಡ ಜೆಟ್ಟಿಗೆ ತರಲು ಬೇಡಿಕೊಂಡೆ.

“ತಿರುಗಿಸಬಹುದು ಮೇಡಂ. ಆದರೆ ಯಾಕೆ ಎಂದು ಸಾರ್ ಕೇಳ್ತಾರೆ. ಆಕೆ ನಿಮಗೆ ಹೇಳಿದ್ದು ಗೊತ್ತಾಗತ್ತೆ. ಬಹಳ ದೂರ ಬಂದಿದ್ದೀವಿ, ಜೆಟ್ಟಿ ಮುಟ್ಟುವಷ್ಟರಲ್ಲಿ ಬಲೆ ಬೀಸಿರ್ತಾರೆ, ನಡುನೀರಲ್ಲೇ ನಿಲ್ಲಬೇಕಾಗತ್ತೆ. ಅದಕ್ಕಿಂತ ದಡ ವಾಸಿ.”

ಕೊನೆಗೆ ನನ್ನ ಕೈಗೆಟುಕಿದ್ದು ಇಷ್ಟು: ದೋಣಿಯನ್ನು ಗದ್ದೆಯ ಬದುವಿಗೆ ಕಟ್ಟದೆ, ಕೂಗಿದರೆ ಕೇಳುವಂತೆ ಮನೆಗಳಿರುವ ದಡಕ್ಕೆ ಕಟ್ಟಬೇಕು. ಶಾಜಿ ತನ್ನ ಅಕ್ಕನ ಮನೆಯ ಹಿಂದೆ ಕಟ್ಟುತ್ತೇನೆಂದ. ತಾನೂ ಅಡುಗೆಯವನೂ ಕೋಣೆಯ ಬಾಗಿಲೆದುರಿಗೇ ಚಾಪೆ ಹಾಸಿಕೊಳ್ಳುತ್ತೇವೆ, ದೀಪ ಆರಿಸುವುದಿಲ್ಲ ಎಂದ. ಬೆಳಿಗ್ಗೆ ಜೆಟ್ಟಿಗೆ ಇನ್ನೊಂದು ಕಾರು ತರುವಂತೆ ನಾನು ಪರಿಚಯದ ಡ್ರೈವರಿಗೆ ಹೇಳಿದೆ, ಅವಳೊಬ್ಬಳಿಗಾಗಿ. ನಾಳೆ ಬೆಳಗಿನ ಏರ್ಪಾಡು ಮಾಡುವುದು ಸುಲಭವಿತ್ತು. ರಾತ್ರಿಗೆ ಮಾತ್ರ ಯಾವ ಏರ್ಪಾಡೂ ತೋಚಲಿಲ್ಲ.

ಐದೂಮುಕ್ಕಾಲಿಗೆ ಶಾಜಿಯಿಂದ ಒಂದೇ ಸಾಲು ಬಂತು: ದೋಣಿ ಕಟ್ಟಿದೆ. ಜೊತೆಗೊಂದು ಫೋಟೋ. ಹಿತ್ತಿಲಲ್ಲಿ ಒಣಗಲು ಹಾಕಿದ ಲುಂಗಿಗಳು, ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳ ಬೆನ್ನು, ಅವಳ ಹಿಂದೆ ಹುಲ್ಲು ಚಾವಣಿಯ ಸುಂದರವಾದ ದೋಣಿ. ಕೋಣೆಯ ಕಿಟಕಿಗೆ ಪರದೆ ಎಳೆದಿತ್ತು. ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಬಟ್ಟೆಯ ನೇಯ್ಗೆ ಬಿಟ್ಟು ಇನ್ನೇನೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ದೀಪಾ ಆ ಎರಡನೆಯ ಕಾರು ಹತ್ತಿದಳು. ಈಗ ಕೆ.ಆರ್. ಪುರದಿಂದ ಮಹದೇವಪುರದ ಒಂದು ಕಚೇರಿಗೆ ಹೋಗಿ ಬರುತ್ತಾಳೆ. ಒಮ್ಮೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಸಿಕ್ಕಿ, ಮೆಂತ್ಯದ ಕಟ್ಟು ಆರಿಸುತ್ತ ನನ್ನ ಮಕ್ಕಳ ಬಗ್ಗೆ ಕೇಳಿದಳು. ಆ ರಾತ್ರಿ ಏನಾಯಿತೆಂದು ಅವಳು ಇವತ್ತಿಗೂ ಹೇಳಿಲ್ಲ. ಶಾಜಿ ಹೇಳಿದ್ದು, ಬಾಗಿಲು ತೆರೆಯಲಿಲ್ಲ, ಗಂಡಸಿನ ದನಿ ಬಹಳ ಹೊತ್ತು ಮೆಲ್ಲಗೆ ಕೇಳುತ್ತಲೇ ಇತ್ತು ಎಂದಷ್ಟೇ. ಮೆಲ್ಲನೆಯ ದನಿಗೆ ಬಾಗಿಲು ತಟ್ಟುವುದು ಹೇಗೆಂದು ಅವನಿಗೂ ತಿಳಿಯಲಿಲ್ಲವಂತೆ.

ಈ ಕೆಲಸ ನನಗೆ ಕಲಿಸಿದ್ದು ಇದನ್ನು: ಹೊರಡುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಬೇಕು. ಈಗ ಹೋಗುವ ಹೆಣ್ಣುಮಕ್ಕಳ ಜೊತೆ, ಬೇರೆ ಯಾರೂ ಇಲ್ಲದಾಗ, ನೇರವಾಗಿ ಮಾತಾಡುತ್ತೇನೆ. ನಿಮಗೆ ಹೋಗುವ ಮನಸ್ಸಿದೆಯೇ, ನಡುವೆ ಬೇಡವೆನಿಸಿದರೆ ಯಾರಿಗೆ ಫೋನ್ ಮಾಡುತ್ತೀರಿ ಎಂದು. ಕೆಲವರು ನಗುತ್ತಾರೆ. ಒಬ್ಬಿಬ್ಬರು ನಕ್ಕಿಲ್ಲ.

ಆದರೆ ಆ ಸಂಜೆ ನನಗೆ ಇದೊಂದೂ ಗೊತ್ತಿರಲಿಲ್ಲ. ಫೋನನ್ನು ಮಡಿಲಲ್ಲಿಟ್ಟುಕೊಂಡು ವರಾಂಡದ ಮೆಟ್ಟಿಲ ಮೇಲೆ ಕೂತಿದ್ದೆ. ಮೇಲಿನ ಮನೆಯ ಶಾಹಿದಾ ಆಪಾ ಒಣಗಿದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಇಳಿದು ಬಂದರು.

“ಅರೇ ವಿಮಲಾ, ಏನ್ ಹಿಂಗೆ ಕೂತಿದ್ದೀಯಾ? ಯಾರಾದ್ರೂ ಟ್ರೈನ್ ಮಿಸ್ ಮಾಡ್ಕೊಂಡ್ರಾ?”

“ಇಲ್ಲ ಆಪಾ. ಒಂದು ಹುಡುಗಿ ಬೋಟಲ್ಲಿದಾಳೆ. ಬೆಳಗಾಗೋ ತನಕ ನಂಗೆ ಸಿಗಲ್ಲ.”

“ಸಿಗದೇ ಇದ್ರೆ ಒಳ್ಳೇದೇ ಬಿಡು,” ಎಂದರು ಆಪಾ, ಬುಟ್ಟಿಯಿಂದ ಜಾರಿದ ಕಾಲುಚೀಲ ಎತ್ತಿಕೊಳ್ಳುತ್ತ. “ಜನ ದುಡ್ಡು ಕೊಟ್ಟು ಹೋಗೋದೇ ಅದಕ್ಕಲ್ವಾ, ಯಾರ ಕೈಗೂ ಸಿಗದ ಹಾಗೆ ಇರೋಕೆ.”