ವರ್ಲೀನ್ ಪಿನ್ನಕ್ ಸೋಲಿಸಲು ನಿಂತದ್ದು

ಗೆಲ್ಲುವುದಕ್ಕೆಂದು ಚುನಾವಣೆಗೆ ನಿಂತವರನ್ನು ಜಮೈಕಾದ ನಮ್ಮ ಹಳ್ಳಿ ಬೇಕಾದಷ್ಟು ಕಂಡಿದೆ. ಒಬ್ಬನನ್ನು ಸೋಲಿಸುವುದಕ್ಕೆಂದೇ ನಿಂತವಳು ನನ್ನ ಪಕ್ಕದ ಮನೆಯ ವರ್ಲೀನ್ ಪಿನ್ನಕ್ ಒಬ್ಬಳೇ.

ಅವಳ ತಾಯಿ ಹೊಳೆಯಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದಳು. ವರ್ಲೀನ್ ಇನ್ನೂ ಲಂಗ ಹಾಕುವ ವಯಸ್ಸಿನಲ್ಲೇ ಪಕ್ಷದ ಒಲೆಗೆ ಬಂದಳು. ನಮ್ಮಲ್ಲಿರುವುದು ಎರಡೇ ಪಕ್ಷ. ಮಗು ಯಾವ ಮನೆಯಲ್ಲಿ ಹುಟ್ಟಿತೋ ಆ ಮನೆಯ ಪಕ್ಷವೇ ಅದರದೂ. ಸಭೆ ಎಂದರೆ ಮೇಕೆಯ ಕರುಳು ತೊಳೆಯಬೇಕು, ಹಂಡೆಗಟ್ಟಲೆ ಸಾರು ಕುದಿಸಬೇಕು. ಕೌನ್ಸಿಲರ್ ಲಿನ್‌ವಾಲ್ ಗೇಲ್ ವೇದಿಕೆಯ ಮೇಲೆ ‘ನಮ್ಮ ಜನರ ಬೆವರು’ ಎಂದು ಕೂಗುವಾಗ ಇವಳು ಹಿಂದೆ ಕೂತು ತಳ ಹತ್ತಿದ ಹಂಡೆ ಉಜ್ಜುತ್ತಿದ್ದಳು. ಮತದಾನದ ದಿನ ಮುದುಕಿಯರನ್ನು ಎಬ್ಬಿಸಿ, ಮೈ ತೊಳೆಸಿ, ಮತಗಟ್ಟೆಗೆ ನಡೆಸಿಕೊಂಡು ಹೋಗುವವಳೂ ಇವಳೇ.

ಕೊನೆಗೊಮ್ಮೆ ಪಕ್ಷದ ಸಭೆಯಲ್ಲಿ ಎದ್ದು ಟಿಕೆಟ್ ಕೇಳಿದಳು.

“ನೀನು ಚುನಾವಣೆಗೆ ಹೋದ್ರೆ ಹಂಡೆ ಯಾರಮ್ಮಾ ನೋಡ್ಕೋತಾರೆ?” ಎಂದ ಗೇಲ್. ಎಲ್ಲರೂ ನಕ್ಕರು. ಅವಳ ಗಂಡ ಆಸ್ಟನ್ ಎಲ್ಲರಿಗಿಂತ ಜೋರಾಗಿ ನಕ್ಕ.

ವರ್ಲೀನ್ ಕಿಂಗ್‌ಸ್ಟನ್ನಿಗೆ ಹೋಗಿ, ಊರಲ್ಲಿ ಯಾರೂ ಹೆಸರು ಕೇಳಿರದ ಮೂರನೆಯ ಪಕ್ಷವೊಂದರ ಟಿಕೆಟ್ ತಂದಳು.

“ಗೆಲ್ತೀಯೇನೇ?” ಎಂದೆ.

“ಇಲ್ಲ ಕಣೇ, ಅವನನ್ನ ಬೀಳಿಸ್ತೀನಿ. ಎದುರು ಪಕ್ಷಕ್ಕೆ ಹಾಕಿ ಅಂದ್ರೆ ನಮ್ಮ ಹೆಂಗಸ್ರು ಸತ್ರೂ ಹಾಕಲ್ಲ. ನನಗಾದ್ರೆ ಹಾಕ್ತಾರೆ.”

ಭಾಷಣ ಮಾಡಲಿಲ್ಲ. ಮನೆಮನೆಯ ಹಿತ್ತಲ ಬಾಗಿಲಿಗೆ ಹೋದಳು. ಹೆಂಗಸರು ಪಾತ್ರೆ ತೊಳೆಯುತ್ತಲೇ ಕೇಳಿಸಿಕೊಂಡರು. ದಾರಿಯಲ್ಲಿ ಗೇಲ್ ಕಾರಿನ ಗಾಜು ಇಳಿಸಿದ.

“ಮಿಸ್ ವರ್ಲೀನ್, ಗಂಡನ ವೋಟಾದ್ರೂ ಬೀಳುತ್ತಾ?”

“ಅವನ ವೋಟು ನೀವೇ ಇಟ್ಕೊಳ್ಳಿ ಕೌನ್ಸಿಲರ್. ಹಾಗೇ ಅವನ ಚಡ್ಡಿನೂ ಒಗೆದುಕೊಡಿ.”

ಮತದಾನದ ದಿನ ಗೇಲ್‌ನ ಕಚೇರಿಯಲ್ಲಿ ಒಲೆ ಹೊತ್ತಲಿಲ್ಲ. ಹಸಿದ ಏಜೆಂಟರು ಮಧ್ಯಾಹ್ನದ ಹೊತ್ತಿಗೆ ಮನೆಗೆ ಜಾರಿಕೊಂಡರು. ಮುದುಕಿಯರು ಬಂದರು, ವರ್ಲೀನ್‌ಳ ತೋಳು ಹಿಡಿದು. ನಾನೂ ಅವಳಿಗೇ ಹಾಕಿದೆ.

ಎದುರು ಪಕ್ಷ ಗೆದ್ದಿತು. ವರ್ಲೀನ್ ಮೂರನೆಯವಳಾದಳು, ಆದರೆ ಗೇಲ್ ಸೋತ ಅಂತರಕ್ಕಿಂತ ಅವಳಿಗೆ ಬಿದ್ದ ಮತಗಳೇ ಹೆಚ್ಚು.

ಮರುದಿನ ಬಿಸಿಲೇರುವ ಹೊತ್ತಿಗೆ ಅವನು ಅವಳ ಗೇಟಿಗೆ ಬಂದ. “ಶತ್ರುಗಳನ್ನ ಗೆಲ್ಲಿಸಿದೆಯಲ್ಲೇ! ಅವರೇನು ನಿನ್ನ ಬೀದಿಗೆ ನೀರು ತರ್ತಾರಾ? ನಿನಗೇನು ಸಿಕ್ತು?”

“ನೀರು ಅವರೂ ತರಲ್ಲ, ನೀವೂ ತಂದಿರ್ಲಿಲ್ಲ. ಈ ಮುಖ ಹೊತ್ಕೊಂಡು ನನ್ನ ಗೇಟಿಗೆ ಬಂದ್ರಲ್ಲ, ಅದು ಸಿಕ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತಿರಿ, ನೋಡ್ತೀನಿ.”

ಚಿಲಕ ತೆಗೆಯಲಿಲ್ಲ. ನಾವೆಲ್ಲ ನಮ್ಮ ನಮ್ಮ ವರಾಂಡಕ್ಕೆ ಬಂದು ನೋಡಿದೆವು. ಯಾರೂ ಅವನಿಗೊಂದು ಕುರ್ಚಿ ಹಾಕಲಿಲ್ಲ.