ಕಣ್ಣು ಮುಚ್ಚಿ ಹೇಳಿದ ಕ್ಲೈಮ್ಯಾಕ್ಸ್

ನನ್ನ ತಮ್ಮನಿಗೆ ದೆವ್ವದ ಸಿನಿಮಾ ಎಂದರೆ ಪ್ರಾಣ. ನನಗೆ ಅವುಗಳ ಸದ್ದು ಕೇಳಿದರೇ ಕೈಕಾಲು ತಣ್ಣಗಾಗುತ್ತವೆ. ಆದರೂ ಪ್ರತಿ ಭಾನುವಾರ ಊಟವಾದ ಮೇಲೆ ಅವನ ಪಕ್ಕ ಕೂತು ಆ ಸಿನಿಮಾಗಳನ್ನು ನೋಡಬೇಕಾದವಳು ನಾನೇ. ಯಾಕೆಂದರೆ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ.

ಹುಟ್ಟಿನಿಂದ ಹಾಗಿರಲಿಲ್ಲ. ಅವನು ಠಾಣೆ, ನವಿ ಮುಂಬೈ ಕಡೆಯ ದೊಡ್ಡ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುತ್ತಿದ್ದ. ಒಂದು ದಿನ ಪಕ್ಕದಲ್ಲಿಟ್ಟ ಸಿಮೆಂಟಿನ ಬುಟ್ಟಿ ಕಾಣದೆ ಮುಗ್ಗರಿಸಿದ. ಆಮೇಲೆ ಬದಿಯಿಂದ ಬರುವ ಜನ ಕಾಣದಾದರು. ಪೈಪಿನೊಳಗಿಂದ ನೋಡಿದ ಹಾಗಾಗುತ್ತದೆ ಎನ್ನುತ್ತಿದ್ದ. ಆ ಪೈಪೂ ಸಣ್ಣದಾಗುತ್ತ ಹೋಗಿ ಕೊನೆಗೆ ಬೆಳಕು ಯಾವ ಕಡೆ ಇದೆ ಎನ್ನುವುದಷ್ಟೇ ಉಳಿಯಿತು.

ಡೊಂಬಿವಲಿಯ ಚಾಳಿನ ಸಾಲುಮನೆಗಳಲ್ಲಿ ನಮ್ಮದು ಒಂದೇ ಕೋಣೆಯ ಖೋಲಿ. ಅವ್ವ ಮೂಲೆಯಲ್ಲಿ ಮಲಗಿರುತ್ತಿದ್ದಳು. ಅವಳಿಗೆ ಎಚ್ಚರವಾಗಬಾರದೆಂದು ಇಯರ್‌ಫೋನಿನ ಒಂದು ಕಡೆ ಅವನ ಕಿವಿಗೆ, ಇನ್ನೊಂದು ಕಡೆ ನನ್ನ ಕಿವಿಗೆ. ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸುತ್ತಿದ್ದೆವು. ಹಿಂದಿಗೆ ಡಬ್ ಆದ ಮಾತು ಅವನು ಕೇಳಿಸಿಕೊಳ್ಳುತ್ತಿದ್ದ. ಮಾತಿಲ್ಲದ ಕಡೆ ಏನು ಕಾಣುತ್ತಿದೆ ಎಂದು ನಾನು ಪಿಸುಗುಟ್ಟಬೇಕು. ‘ಬಾಗಿಲ ತಗದಾಳ. ಒಳಗ ಕತ್ತಲ. ಗ್ವಾಡಿ ಮ್ಯಾಲ ಯಾರದೋ ಫೋಟೋ.’ ಅಷ್ಟು ಸಾಕಿತ್ತು ಅವನಿಗೆ. ಉಳಿದದ್ದು ತಾನೇ ಕಟ್ಟಿಕೊಳ್ಳುತ್ತಿದ್ದ.

ಆದರೆ ಮಾತಿಲ್ಲದ ಕಡೆಯೇ ದೆವ್ವ ಬರುವುದು. ಸಂಗೀತ ಸಣ್ಣಗೆ ಏರತೊಡಗಿದರೆ ನನ್ನ ಕಣ್ಣು ತಾವೇ ಮುಚ್ಚಿಕೊಳ್ಳುತ್ತಿದ್ದವು. ಚಿಕ್ಕವಳಿದ್ದಾಗಿನಿಂದ ಹಾಗೇ. ಇಂಜೆಕ್ಷನ್ ನೋಡಿದರೂ, ಕೋಳಿ ಕೊಯ್ಯುವುದು ಕಂಡರೂ ಮುಚ್ಚುತ್ತೇನೆ. ಕಿವಿಯಲ್ಲಿ ಕಿರುಚಾಟ ಕೇಳಿ, ಅದು ಮುಗಿದು, ಮತ್ತೆ ಮಾತು ಶುರುವಾದ ಮೇಲೆಯೇ ನೋಡುತ್ತಿದ್ದೆ. ನಡುವೆ ತಮ್ಮ, ‘ಏನಾತಕ್ಕಾ? ಏನ್ ಕಾಣಾಕತ್ತೈತಿ?’ ಎಂದು ನನ್ನ ಮೊಣಕೈ ತಿವಿಯುತ್ತಿದ್ದ. ಬಾಯಿಗೆ ಬಂದದ್ದು ಹೇಳುತ್ತಿದ್ದೆ. ‘ಏನಿಲ್ಲೋ, ಬೆಕ್ಕು ಹಾರಿತು.’

ಹೀಗಾಗಿ ಅವನ ಪಾಲಿಗೆ ಒಂದು ಸಿನಿಮಾದ ಕಥೆಯೂ ನೆಟ್ಟಗೆ ಮುಗಿಯುತ್ತಿರಲಿಲ್ಲ. ಬೆಕ್ಕು ಹಾರಿದ್ದಕ್ಕೆ ಇಡೀ ಮನೆಯವರು ಊರು ಬಿಟ್ಟು ಹೋದದ್ದು ಯಾಕೆ? ಸತ್ತವಳು ಮುಂದಿನ ಸೀನಿನಲ್ಲಿ ಚಹಾ ಕುಡಿದದ್ದು ಹೇಗೆ? ಅವನು ಅದನ್ನೇ ತಲೆಯಲ್ಲಿ ಇಟ್ಟುಕೊಂಡು ಇರುತ್ತಿದ್ದ. ನಾನು ಕೆಲಸಕ್ಕೆ ಹೊರಟು ಜಡೆ ಹಾಕಿಕೊಳ್ಳುವ ಹೊತ್ತಿಗೆ ಒಮ್ಮೆಲೇ, ‘ಅಕ್ಕಾ, ತಿಳೀತು! ಬೆಕ್ಕಾಗಿ ಬಂದಾಕಿ ಆ ಮನಿ ಮುದುಕೀನ. ಅದಕ್ಕ ಅದು ಹಾರಿದ ಮ್ಯಾಲ ಯಾರೂ ಮಾತಾಡಲಿಲ್ಲ’ ಎನ್ನುತ್ತಿದ್ದ. ನಾನು ಉಲ್ಹಾಸನಗರದ ಜೀನ್ಸ್ ಕಾರಖಾನೆಯಲ್ಲಿ ದಾರ ಕತ್ತರಿಸುವವಳು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ನಾನು ಗಾಬರಿಯಲ್ಲಿ ಎಸೆದ ಸುಳ್ಳಿನ ಚೂರುಗಳನ್ನು ಅವನು ಎಷ್ಟು ಚೆಂದ ಹೊಲಿದು ತರುತ್ತಿದ್ದ! ಕೇಳಿ ಖುಷಿಯೂ ಆಗುತ್ತಿತ್ತು. ಇದರಿಂದ ಯಾರಿಗೆ ಏನು ನಷ್ಟ ಎಂದುಕೊಂಡಿದ್ದೆ.

ಆಮೇಲೆ ಠಾಣೆಯ ಆಸ್ಪತ್ರೆಗೆ ಹೋದೆವು. ತಮ್ಮನನ್ನು ಯಾವುದೋ ಮೆಷಿನಿನ ಮುಂದೆ ಕೂರಿಸಲು ಒಳಗೆ ಕರೆದುಕೊಂಡು ಹೋದರು. ಆ ಹೊತ್ತಿಗೆ ಡಾಕ್ಟರ್ ನನ್ನನ್ನು ಕೂರಿಸಿಕೊಂಡು ಹಿಂದಿಯಲ್ಲಿ, ನನಗೆ ತಿಳಿಯುವ ಹಾಗೆ ನಿಧಾನಕ್ಕೆ ಹೇಳಿದರು. ಕಣ್ಣಿನ ನರ ಒಣಗಿದೆ, ಆಪರೇಷನ್ ಮಾಡಿದರೂ ಹೋದ ದೃಷ್ಟಿ ಬರುವುದಿಲ್ಲ. ಕೋಲು ಹಿಡಿದು ಒಬ್ಬನೇ ಓಡಾಡುವುದನ್ನು, ಮಾತಾಡುವ ಮೊಬೈಲ್ ಬಳಸುವುದನ್ನು ಕಲಿಸುವ ಜಾಗ ಇಲ್ಲೇ ಠಾಣೆಯಲ್ಲಿದೆ. ತಡ ಮಾಡಬೇಡಿ, ಈಗಲೇ ಸೇರಿಸಿ, ಅವನಿಗೆ ನೀವು ಹೇಳುತ್ತೀರೋ ನಾನು ಹೇಳಲೋ ಎಂದು ಕೇಳಿದರು. ನಾನೇ ಹೇಳುತ್ತೇನೆ ಅಂದೆ.

ಹೊರಗೆ ಬಂದ ತಮ್ಮ ಗೋಡೆ ಸವರುತ್ತ ನನ್ನ ಪಕ್ಕ ಕೂತ. ಕಣ್ಣಿಗೆ ಹಾಕಿದ ಔಷಧಿ ಕೆನ್ನೆ ಮೇಲೆ ಇಳಿದಿತ್ತು. ‘ಏನಂದ್ರಕ್ಕಾ?’ ಎಂದ. ಸಿನಿಮಾ ನೋಡುವಾಗ ಕೇಳುತ್ತಿದ್ದನಲ್ಲ, ಅದೇ ದನಿಯಲ್ಲಿ.

‘ಮಳಿಗಾಲ ಮುಗೀಲಿ, ಆಪರೇಷನ್ ನೋಡೂಣು ಅಂದ್ರು’ ಅಂದೆ.

ಅವನು ಅಂದು ಲೋಕಲ್‌ನಲ್ಲಿ ಬರುವಾಗ ಗುನುಗುತ್ತಿದ್ದ.

ಆ ಮಳೆಗಾಲವಿಡೀ ಅವನು ಕೋಲು ಮುಟ್ಟಲಿಲ್ಲ. ಅವ್ವ ಯಾರನ್ನೋ ಕೇಳಿ ಒಂದು ಬಿಳಿ ಕೋಲು ತರಿಸಿದ್ದಳು. ‘ನಾಕ ತಿಂಗಳಿಗೆ ಯಾಕ ಇದೆಲ್ಲ, ಅವ್ವಾ? ಕಣ್ಣ ಬಂದ ಮ್ಯಾಲ ನಾಯಿ ಹೊಡ್ಯಾಕ ಇಟಗೋ’ ಎಂದು ನಕ್ಕು ಅದನ್ನು ಕಪಾಟಿನ ಮೇಲೆ ಎಸೆದ. ಅವ್ವನಿಗೂ ನಾನು ಆಪರೇಷನ್ ಎಂದೇ ಹೇಳಿದ್ದೆ. ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಕಾರಖಾನೆಯಲ್ಲಿ ಪ್ಯಾಂಟಿನ ದಾರ ಕತ್ತರಿಸುತ್ತ ಯಾವ ಮಾತಿನಿಂದ ಶುರು ಮಾಡಲಿ ಎಂದು ಜೋಡಿಸಿಕೊಳ್ಳುತ್ತಿದ್ದೆ. ಮನೆಗೆ ಬಂದು ಅವನ ಮುಖ ನೋಡಿದರೆ ಚಹಾಕ್ಕೆ ನೀರಿಡಲು ಎದ್ದುಬಿಡುತ್ತಿದ್ದೆ.

ಒಂದು ಸಂಜೆ ಅವನು ಅಂಗಿ ಹರಿದುಕೊಂಡು ಬಂದ. ಒಬ್ಬನೇ ಸ್ಟೇಷನ್ನಿಗೆ ಹೋಗಿದ್ದನಂತೆ, ಅಂದಾಜಿನ ಮೇಲೆ. ಗಾಡಿ ಬಂದ ಸದ್ದಿಗೆ ಹೆಜ್ಜೆ ಇಟ್ಟಿದ್ದಾನೆ. ಕಾಲು ಪ್ಲಾಟ್‌ಫಾರಂ ಅಂಚು ಬಿಟ್ಟು ಕೆಳಗೆ ಇಳಿದಿದೆ. ಹಿಂದೆ ಇದ್ದವನು ಯಾರೋ ಕಾಲರ್ ಹಿಡಿದು ಎಳೆದಿದ್ದಾನೆ.

‘ಅಂಧಾ ಹೈ ಕ್ಯಾ, ಕುರುಡ ಏನು ಅಂತ ಬೈದ, ಅಕ್ಕಾ. ಹೌದು, ಸದ್ಯಕ್ಕ ಅಂದೆ!’ ಎಂದು ತಾನೇ ನಕ್ಕ. ಅವ್ವ ಅವನ ಬೆನ್ನಿಗೆ ಗುದ್ದಿ ಅತ್ತಳು. ನಾನು ಹರಿದ ಕಾಲರ್ ಹೊಲಿಯಲು ಕೂತೆ. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಆ ಸಂಜೆಯೂ ನಾನು ಹೇಳಲಿಲ್ಲ. ನನ್ನ ತಪ್ಪುಗಳಲ್ಲಿ ಅತಿ ದೊಡ್ಡದು ಅದೇ. ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು ಗಾಬರಿಯದು. ಅವತ್ತಿನದು ಎಲ್ಲ ತಿಳಿದೂ ಬಾಯಿ ಮುಚ್ಚಿಕೊಂಡದ್ದು.

ಕೆಲವು ದಿನಗಳಾದ ಮೇಲೆ ಅವನ ಗೆಳೆಯ ಬಂದ. ಉಡುಪಿ ಕಡೆಯವರ ಹುಡುಗ, ಕಲ್ಯಾಣದಲ್ಲಿ ಅವರಪ್ಪನ ಹೋಟೆಲಿನಲ್ಲಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರುತ್ತಾನೆ. ಇಲ್ಲೇ ಹುಟ್ಟಿದವನು, ಕನ್ನಡ ಅರ್ಧ, ಹಿಂದಿ ಅರ್ಧ. ನಾವು ಹಿಂದಿನ ಭಾನುವಾರ ನೋಡಿದ್ದ ಸಿನಿಮಾವನ್ನೇ ಅವನೂ ನೋಡಿದ್ದ. ಘಟ್ಟದ ಮೇಲಿನ ಹಾಳು ಬಂಗಲೆಯಿಂದ ಒಬ್ಬಳು ತಪ್ಪಿಸಿಕೊಂಡು ಬಸ್ ಹತ್ತುತ್ತಾಳೆ. ಕೊನೆಯ ಸೀನಿನಲ್ಲಿ ಮಾತೇ ಇಲ್ಲ. ‘ಬಸ್ಸಿನಾಗ ಮಲಗ್ಯಾಳ, ಮನಿಗೆ ಮುಟ್ಟತಾಳ’ ಎಂದಿದ್ದೆ. ಮನೆ ಮುಟ್ಟುವವಳಿಗೆ ಅಂಥ ಸಂಗೀತ ಯಾಕೆ ಎಂದು ತಮ್ಮ ವಾರವಿಡೀ ತಲೆ ಕೆಡಿಸಿಕೊಂಡು, ಆ ಬಸ್ಸು ಮತ್ತೆ ಬಂಗಲೆಗೇ ಹೋಗುತ್ತದೆ ಎಂದು ತೀರ್ಮಾನಿಸಿದ್ದ. ಅದನ್ನೇ ಗೆಳೆಯನಿಗೆ ಜೋರಾಗಿ ವಿವರಿಸಿದ.

‘ಅರೇ ಪಾಗಲ್,’ ಗೆಳೆಯ ಬಿದ್ದು ಬಿದ್ದು ನಕ್ಕ. ‘ಅವಳು ಅಕೇಲಿ, ಒಬ್ಬಳೇ ಕೂತಿದ್ದಾಳೆ ನಾ? ಕಂಡಕ್ಟರ್ ಎರಡು ಟಿಕೆಟ್ ಹರಿದು ಕೊಡ್ತಾನೆ. ಎರಡು! ಭೂತ ಬಾಜೂಗೇ ಕೂತಿದೆ. ಖತಂ. ಇಷ್ಟು ಸಿಂಪಲ್. ದೀದಿ, ನೀವು ಹೇಳಿಲ್ವಾ?’

ನಾನು ಚಹಾ ಸೋಸುತ್ತಿದ್ದೆ. ‘ನೆಪ್ಪ ಇಲ್ಲ’ ಅಂದೆ. ತಮ್ಮ ನಗಲಿಲ್ಲ. ಮುಖವನ್ನು ನನ್ನ ಕಡೆ ತಿರುಗಿಸಿ ಹಾಗೇ ಕೂತಿದ್ದ.

ಮುಂದಿನ ಭಾನುವಾರ ಅವನೇ ಹೊಸ ಸಿನಿಮಾ ಹಾಕು ಎಂದ. ಒಂದು ಬಾವಿಯ ಕಥೆ. ಅರ್ಧಕ್ಕೆ ಬರುವಷ್ಟರಲ್ಲಿ ಹುಡುಗಿಯೊಬ್ಬಳು ಬಾವಿಯ ಹತ್ತಿರ ಹೋದಳು. ಮಾತು ನಿಂತಿತು, ಸಂಗೀತ ಏರಿತು. ಅವನು ಏನೂ ಕೇಳಲಿಲ್ಲ. ಒಮ್ಮೆಲೇ ನನ್ನ ಹುಬ್ಬಿನ ಮೇಲೆ ಏನೋ ತಾಗಿತು. ಅವನ ಬೆರಳು. ಟೈಲ್ಸಿನ ಸಂದು ಸರಿಯಾಗಿದೆಯೇ ಎಂದು ಸವರಿ ನೋಡುತ್ತಿದ್ದ ಅದೇ ಬೆರಳು ಹುಬ್ಬಿನಿಂದ ಇಳಿದು ನನ್ನ ರೆಪ್ಪೆಯ ಮೇಲೆ ನಿಂತಿತು.

ನನ್ನ ಕಣ್ಣು ಮುಚ್ಚಿದ್ದವು.

ಅವನು ಬೆರಳು ತೆಗೆಯಲಿಲ್ಲ. ಕಿವಿಯಲ್ಲಿ ಯಾರೋ ಚೀರುತ್ತಿದ್ದರು. ‘ಏನ್ ಕಾಣಾಕತ್ತೈತಿ, ಅಕ್ಕಾ?’ ಎಂದ, ತಣ್ಣಗೆ. ಅವನು ತನ್ನ ಕಿವಿಯ ಇಯರ್‌ಫೋನ್ ಕಿತ್ತು ಪಕ್ಕಕ್ಕಿಟ್ಟ.

‘ಠಾಣೆದಾಗ ಡಾಕ್ಟರ್ ಹೇಳೂ ಮುಂದನೂ ಹಿಂಗ ಮುಚ್ಚಿದ್ದೇನು?’

ಆಗ ಹೇಳಿದೆ. ನರದ ವಿಷಯ, ಆಪರೇಷನ್ ಇಲ್ಲ ಎಂಬುದು, ಕಲಿಸುವ ಜಾಗ, ತಡ ಮಾಡಬೇಡಿ ಎಂದದ್ದು, ಎಲ್ಲ. ಅವ್ವ ಯಾವಾಗ ಎದ್ದು ಕೂತಳೋ ಗೊತ್ತಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅವನು ಅಳುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ನೆಲದ ಟೈಲ್ಸಿನ ಗೆರೆಯ ಮೇಲೆ ಉಗುರು ಎಳೆಯುತ್ತ ಕೂತಿದ್ದ.

‘ಸಿನಿಮಾದಾಗ ನೀ ಏನ್ ಹೇಳಿದ್ರೂ ನಾ ಕತಿ ಜೋಡಸ್ತಿದ್ದೆ,’ ಎಂದ. ‘ಇದಕ್ಕ ಏನ್ ಜೋಡಸ್ಲಿ? ರೈಲಿನ ಕೆಳಗ ಹೋಗಿದ್ರ ಯಾರಿಗೆ ಏನ್ ಹೇಳ್ತಿದ್ದಿ?’



ಆಮೇಲೆ ಅವನು ಮೊಬೈಲಿನ ಕಡೆ ಕೈ ಚಾಚಿದ. ‘ಹಿಂದ ತಗೋ. ಬಾವಿ ಸೀನಿಗೆ. ಈಗ ನೋಡಿ ಹೇಳು.’ ಬೆರಳನ್ನು ಮತ್ತೆ ನನ್ನ ಹುಬ್ಬಿನ ಮೇಲಿಟ್ಟ. ನಾನು ನೋಡಿದೆ. ಕಣ್ಣಲ್ಲಿ ನೀರು ತುಂಬಿ ಅರ್ಧ ಮಸುಕಾಗಿಯೇ ಕಂಡಿತು. ‘ಬಾವಿ ಕಟ್ಟಿ ಮ್ಯಾಲ ಒದ್ದಿ ಹೆಜ್ಜಿ. ಸಣ್ಣ ಕೂಸಿನ ಹೆಜ್ಜಿ. ಒಂದೊಂದ ಮೂಡಾಕತ್ತಾವ. ಕಾಲ ಕಾಣಸೂದಿಲ್ಲ. ಹುಡುಗಿ ಕಡೆ ಬರಾಕತ್ತಾವ...’ ಹೇಳುತ್ತ ಹೋದೆ. ಅವನು ಒಂದೂ ಪ್ರಶ್ನೆ ಕೇಳಲಿಲ್ಲ. ಎಲ್ಲ ಸರಿಯಾಗಿ ಹೇಳಿದರೆ ಕೇಳುವುದೇನೂ ಉಳಿಯುವುದಿಲ್ಲ ಎಂದು ಅವತ್ತು ತಿಳಿಯಿತು.

ಕೆಲಸಕ್ಕೆ ರಜೆ ಹಾಕಿ ಅವನನ್ನು ಠಾಣೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ತೋಳು ಹಿಡಿದಿದ್ದ. ಅಲ್ಲಿ ಕಲಿಸುವ ಮೇಡಂ ಎಲ್ಲ ಕೇಳಿಕೊಂಡು, ಇಷ್ಟು ತಡ ಯಾಕೆ ಮಾಡಿದಿರಿ ಎಂದು ನನ್ನನ್ನೇ ಕೇಳಿದರು. ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಮ್ಮ, ‘ಮಳೆಗಾಲ ಮುಗಿಯಲಿ ಎಂದು ಕಾಯುತ್ತಿದ್ದೆವು, ಮೇಡಂ’ ಎಂದು ಹಿಂದಿಯಲ್ಲಿ ಹೇಳಿಬಿಟ್ಟ. ಅದು ನನ್ನನ್ನು ಉಳಿಸಲು ಹೇಳಿದ್ದೋ ಚುಚ್ಚಲು ಹೇಳಿದ್ದೋ, ನಾನು ಕೇಳಿಲ್ಲ.

ಅವರು ಅವನ ಕೈಗೆ ಕೋಲು ಕೊಟ್ಟು ಉದ್ದ ವರಾಂಡದ ಕೊನೆಯ ತನಕ ಒಬ್ಬನೇ ಹೋಗು ಎಂದರು. ನನಗೆ ಹಿಡಿಯಬೇಡಿ, ಮಾತಾಡಬೇಡಿ ಎಂದರು. ನಡುವೆ ಕೆಳಗಿಳಿಯುವ ಒಂದು ಮೆಟ್ಟಿಲಿತ್ತು. ಅವನು ಅದರ ಹತ್ತಿರ ಹೋಗುತ್ತಿದ್ದಂತೆ ನನ್ನ ರೆಪ್ಪೆ ಅದುರತೊಡಗಿದವು. ಗೋಡೆ ಹಿಡಿದುಕೊಂಡೆ. ಕೋಲು ಮೆಟ್ಟಿಲಿನ ಅಂಚಿಗೆ ತಾಗಿತು. ಅವನು ನಿಂತ, ಕೋಲನ್ನು ಕೆಳಗಿಳಿಸಿ ಆಳ ನೋಡಿದ, ಆಮೇಲೆ ಕಾಲಿಟ್ಟ. ಅವನ ಕೈ ಆ ಕೊನೆಯ ಗೋಡೆ ಮುಟ್ಟುವ ತನಕ ನಾನು ನೋಡುತ್ತಲೇ ಇದ್ದೆ.